ಸೈಕಲ್, ಕಯಾಕ್, ಟೆಂಟು ಎಲ್ಲವೂ ಹಿಡಿಸುವ ಫಿಫ್ತ್ ವೀಲ್ ಟ್ರೇಲರ್ ಆರಿಸುವುದು ಹೇಗೆ?

ನಮ್ಮ ಮೊದಲ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಟ್ರಕ್ ಎಳೆಯುವ, ಮನೆಯಂಥ ಗಾಡಿ) ಕೊಳ್ಳುವಾಗ ನಾನು ಗಮನ ಕೊಟ್ಟು ನೋಡಿದ್ದು ಅಡುಗೆಮನೆ, ಸೋಫಾ, ಕಿಟಕಿ. ಸಾಮಾನಿನ ಜಾಗ ತೋರಿಸಲು ಮಾರಾಟದವರು ಕೆಳಗಿನ ಬಾಗಿಲು ಎತ್ತಿದರು. ಒಳಗೆ ದೀಪ ಹತ್ತಿಕೊಂಡಿತು. ಒಂದು ಸಣ್ಣ ರೂಮಿನ ಹಾಗೆ ಕಂಡಿತು. ನನಗೆ ಅಷ್ಟೇ ಸಾಕಾಯಿತು.

ಮನೆಗೆ ತಂದು ನಿಲ್ಲಿಸಿದ ಮೇಲೆ ಮಗಳ ಸೈಕಲ್ ಒಳಗೆ ತಳ್ಳಲು ಹೋದೆ. ಹ್ಯಾಂಡಲ್ ಬಾಗಿಲಿಗೆ ತಗಲಿತು. ಮಲಗಿಸಿ ತಳ್ಳಿದೆ. ಎರಡಡಿ ಹೋಗಿ ಹೀಟರ್ ಪೈಪಿಗೆ ಬಡಿದು ನಿಂತಿತು. ಜಾಗ ಇತ್ತು, ಆದರೆ ನಮ್ಮ ಸಾಮಾನಿಗೆ ದಾರಿ ಇರಲಿಲ್ಲ. ಎರಡು ಬೇಸಿಗೆ ನಮ್ಮ ಸೈಕಲ್‌ಗಳನ್ನು ಊಟದ ಮೇಜಿಗೂ ಸೋಫಾಗೂ ಮಧ್ಯೆ ಹಗ್ಗ ಕಟ್ಟಿ ಸಾಗಿಸಿದೆವು. ಪ್ರತಿ ಸಲ ನಿಲ್ಲಿಸಿದಾಗಲೂ ಮೊದಲು ಸೈಕಲ್ ಇಳಿಸಬೇಕು, ಆಮೇಲೆ ಕಾಫಿ.

ಅಮೆರಿಕದಲ್ಲಿರುವ ನಮ್ಮವರು ಈಗ ಹೋಟೆಲ್ ಬಿಟ್ಟು ಟ್ರೇಲರ್ ಕಡೆ ನೋಡುತ್ತಿದ್ದಾರೆ. ಮಕ್ಕಳು, ಸೈಕಲ್, ಮೀನು ಹಿಡಿಯುವ ಕೋಲು, ಜೊತೆಗೆ ಇಡ್ಲಿ ಪಾತ್ರೆ. ನಾನು ಮಾಡಿದ ತಪ್ಪನ್ನು ನೀವು ಮಾಡಬಾರದು ಅಂತ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ಒಂದೇ ಮಾತು ನೆನಪಿಡಿ: ಮೊದಲು ಸಾಮಾನು, ಆಮೇಲೆ ಟ್ರೇಲರ್.

ಫಿಫ್ತ್ ವೀಲ್ ಅಂದರೆ ಏನು?

ಸಾಮಾನ್ಯ ಟ್ರೇಲರ್ ವಾಹನದ ಹಿಂದಿನ ಬಂಪರ್ ಕೆಳಗಿರುವ ಹಿಚ್‌ಗೆ, ಅಂದರೆ ಜೋಡಿಸುವ ಕೊಂಡಿಗೆ, ಸಿಕ್ಕಿಕೊಳ್ಳುತ್ತದೆ. ಫಿಫ್ತ್ ವೀಲ್ ಹಾಗಲ್ಲ. ಅದರ ಹಿಚ್ ಪಿಕಪ್ ಟ್ರಕ್ಕಿನ ಬೆಡ್ (ಸಾಮಾನು ಹೇರುವ ಹಿಂದಿನ ತೊಟ್ಟಿ) ಒಳಗೇ, ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದೆ ಕೂರುತ್ತದೆ. ಟ್ರೇಲರ್‌ನ ಮೂಗು ಬೆಡ್ ಮೇಲೆ ಚಾಚಿಕೊಂಡಿರುತ್ತದೆ. ಆ ಮೂಗಿನ ಒಳಗೆ ಸಾಮಾನ್ಯವಾಗಿ ಮಲಗುವ ಕೋಣೆ. ಹಳೇ ಕಾಲದ ಕುದುರೆ ಗಾಡಿಯಲ್ಲಿ ಮುಂದಿನ ಆಕ್ಸಲ್ ತಿರುಗಲು ಅಡ್ಡಡ್ಡ ಮಲಗಿಸಿದ ಒಂದು ಚಕ್ರ ಇರುತ್ತಿತ್ತು. ನಾಲ್ಕು ಚಕ್ರದ ಗಾಡಿಗೆ ಅದು ಐದನೆಯದು. ಹೆಸರು ಅಲ್ಲಿಂದ ಬಂದಿದ್ದು.

ಮಲಗುವ ಕೋಣೆ ಎತ್ತರದಲ್ಲಿರುವುದರಿಂದ ಅದರ ಹಿಂಭಾಗದ ನೆಲದ ಕೆಳಗೆ ದೊಡ್ಡ ಗೂಡು ಸಿಗುತ್ತದೆ. ಇದನ್ನೇ ಬೇಸ್‌ಮೆಂಟ್ ಅನ್ನುತ್ತಾರೆ. ಈ ಕಡೆಯಿಂದ ಆ ಕಡೆಗೆ ಅಡ್ಡಿಯಿಲ್ಲದೆ ತೆರೆದಿದ್ದರೆ ಅದು ಪಾಸ್ ಥ್ರೂ. ಸಾಮಾನು ಜಾಸ್ತಿ ಇರುವ ಮನೆಯವರು ಫಿಫ್ತ್ ವೀಲ್ ಇಷ್ಟಪಡುವುದಕ್ಕೆ ಈ ಗೂಡು ಒಂದು ದೊಡ್ಡ ಕಾರಣ.

ಹೆಜ್ಜೆ 1: ಎಲ್ಲವನ್ನೂ ಅಂಗಳಕ್ಕೆ ತನ್ನಿ

ಒಂದು ಶನಿವಾರ ಬೆಳಿಗ್ಗೆ ಗ್ಯಾರೇಜ್ ಖಾಲಿ ಮಾಡಿ. ಪ್ರವಾಸಕ್ಕೆ ಒಯ್ಯುವ ಪ್ರತಿ ವಸ್ತುವನ್ನೂ ಡ್ರೈವ್‌ವೇ ಮೇಲೆ ಹರಡಿ. ಟೇಪ್ ಹಿಡಿದು ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ತೂಕಕ್ಕೆ ಬಾತ್‌ರೂಮಿನ ತೂಕದ ಮೆಷಿನ್ ಸಾಕು. ನೀವು ವಸ್ತು ಹಿಡಿದು ನಿಲ್ಲಿ, ಆಮೇಲೆ ನಿಮ್ಮ ತೂಕ ಕಳೆಯಿರಿ.

ಅಂದಾಜಿಗೆ ಕೆಲವು ಅಂಕಿ. ಮಾಮೂಲಿ ಮೌಂಟನ್ ಬೈಕ್ 30 ಪೌಂಡ್ ಆಸುಪಾಸು, ಇ-ಬೈಕ್ 50ರಿಂದ 70. 2,000 ವ್ಯಾಟಿನ ಸಣ್ಣ ಜನರೇಟರ್ ಸುಮಾರು 50. ಗಟ್ಟಿ ಪ್ಲಾಸ್ಟಿಕ್ಕಿನ ಒಬ್ಬರ ಕಯಾಕ್ 10ರಿಂದ 12 ಅಡಿ ಉದ್ದ, 50 ಪೌಂಡ್ ದಾಟುವುದು ಮಾಮೂಲು. 20 ಪೌಂಡಿನ ಪ್ರೊಪೇನ್ ಸಿಲಿಂಡರ್ ಅನ್ನುತ್ತಾರಲ್ಲ, ಅದು ಒಳಗಿನ ಗ್ಯಾಸಿನ ತೂಕ ಮಾತ್ರ. ತುಂಬಿದ ಸಿಲಿಂಡರ್ ಎತ್ತಿ ನೋಡಿ, 37 ಪೌಂಡ್ ಹತ್ತಿರ ಇರುತ್ತದೆ.

ಆಮೇಲೆ ವಿಂಗಡಿಸಿ. ಉದ್ದದ ವಸ್ತುಗಳು ಒಂದು ಕಡೆ: ಮೀನಿನ ಕೋಲು, ಸ್ಕೀ, ಕಯಾಕ್ ಹುಟ್ಟು, ಕ್ಯಾನೊಪಿ ಕಂಬ. ಒದ್ದೆಯಾಗಿ, ಕೆಸರಾಗಿ ವಾಪಸ್ ಬರುವಂಥವು ಇನ್ನೊಂದು ಕಡೆ. ಭಾರದವು ಮತ್ತೊಂದು ಕಡೆ. ಈ ಮೂರಕ್ಕೂ ಬೇರೆ ಬೇರೆ ಥರದ ಜಾಗ ಬೇಕು. ಒದ್ದೆ ಬೂಟನ್ನು ಹಾಸಿಗೆ ಕೆಳಗಿನ ಪೆಟ್ಟಿಗೆಗೆ ಹಾಕಲು ಆಗುವುದಿಲ್ಲ, ಅಲ್ವಾ?

ಅಡುಗೆ ಸಾಮಾನನ್ನು ಮರೆಯಬೇಡಿ. 20 ಪೌಂಡಿನ ಸೋನಾ ಮಸೂರಿ ಚೀಲ, ಕುಕ್ಕರ್, ಮಿಕ್ಸಿ, ದೋಸೆ ಕಾವಲಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಗ್ರೈಂಡರ್ ಮನೆಯಲ್ಲೇ ಇರಲಿ. ಹಿಟ್ಟನ್ನು ರುಬ್ಬಿ ಡಬ್ಬಿಯಲ್ಲಿ ಒಯ್ದರೆ ಸಾಕು. ಕ್ಯಾಂಪ್‌ಫೈರ್ ಕಟ್ಟಿಗೆಯನ್ನೂ ಹೊರಬೇಡಿ. ಅದರ ಜೊತೆ ಮರ ಕೊರೆಯುವ ಹುಳುಗಳು ಊರಿಂದ ಊರಿಗೆ ಹೋಗುತ್ತವೆ ಅಂತ ಎಷ್ಟೋ ರಾಜ್ಯಗಳಲ್ಲಿ ನಿರ್ಬಂಧ ಇದೆ. ಹೋದ ಊರಲ್ಲೇ ಕೊಳ್ಳಿ.

ಹೆಜ್ಜೆ 2: ತೂಕದ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲೇ. ಟ್ರೇಲರ್‌ನಲ್ಲಿ ಜಾಗ ಖಾಲಿ ಇದ್ದ ಮಾತ್ರಕ್ಕೆ ತುಂಬಬಹುದು ಅಂತ ಅರ್ಥವಲ್ಲ.

ಮೂರು ಅಂಕಿ ಗೊತ್ತಿರಬೇಕು. ಟ್ರೇಲರ್ ಸಾಮಾನು ಸಮೇತ ಗರಿಷ್ಠ ಎಷ್ಟು ತೂಗಬಹುದು ಅನ್ನುವುದು ಜಿವಿಡಬ್ಲ್ಯುಆರ್. ಖಾಲಿ ಟ್ರೇಲರ್‌ನ ತೂಕ ಯುವಿಡಬ್ಲ್ಯು. ಇವೆರಡರ ನಡುವೆ ಉಳಿಯುವುದು ಸಿಸಿಸಿ, ಅಂದರೆ ನೀವು ಹಾಕಬಹುದಾದ ಸಾಮಾನಿನ ತೂಕ. ಬ್ರೋಷರ್ ಅಂಕಿಯನ್ನು ಪೂರ್ತಿ ನಂಬಬೇಡಿ. ಎರಡನೇ ಎಸಿ, ದೊಡ್ಡ ಬ್ಯಾಟರಿ, ಸೋಲಾರ್ ಪ್ಯಾನಲ್ ಸೇರಿದಾಗ ಖಾಲಿ ತೂಕ ಏರುತ್ತದೆ. ನೀವು ಕೊಳ್ಳುವ ಆ ಟ್ರೇಲರ್‌ಗೇ ಅಂಟಿಸಿರುವ ಹಳದಿ ಚೀಟಿ ಓದಿ. ಸಾಮಾನಿನ ತೂಕ ಇಷ್ಟನ್ನು ಮೀರಬಾರದು ಅಂತ ಅದರಲ್ಲಿ ಪೌಂಡ್ ಮತ್ತು ಕಿಲೋ ಎರಡರಲ್ಲೂ ಬರೆದಿರುತ್ತದೆ.

ಒಂದು ಉದಾಹರಣೆ ನೋಡೋಣ. ಗರಿಷ್ಠ 13,000 ಪೌಂಡ್, ಖಾಲಿ 10,900. ಉಳಿದದ್ದು 2,100. ಕೇಳಲು ಜಾಸ್ತಿ ಅನಿಸುತ್ತದೆ. ಈಗ 60 ಗ್ಯಾಲನ್ ನೀರಿನ ಟ್ಯಾಂಕ್ ತುಂಬಿಸಿ. ಒಂದು ಗ್ಯಾಲನ್ ನೀರು 8.3 ಪೌಂಡ್, ಅಲ್ಲಿಗೆ 500 ಹೋಯಿತು. ನಾಲ್ವರ ಬಟ್ಟೆ, ಹಾಸಿಗೆ, ಪಾತ್ರೆ, ದಿನಸಿ, ನೀರಿನ ಪೈಪು, ಲೆವೆಲ್ ಮಾಡುವ ಹಲಗೆಗಳು ಅಂತ ಇನ್ನೊಂದು 700 ಹಿಡಿಯಿರಿ. ಕುರ್ಚಿ, ಸೈಕಲ್, ಜನರೇಟರ್, ಕಯಾಕ್ ಎಲ್ಲಕ್ಕೂ ಸೇರಿ ಉಳಿದಿದ್ದು 900. ಸಾಕು, ಆದರೆ ಕೈ ಬಿಟ್ಟು ತುಂಬುವ ಹಾಗಿಲ್ಲ. ಸಿಸಿಸಿ 1,500ಕ್ಕಿಂತ ಕಡಿಮೆ ಇರುವ ಫಿಫ್ತ್ ವೀಲನ್ನು, ಅದರ ಬೇಸ್‌ಮೆಂಟ್ ಎಷ್ಟೇ ದೊಡ್ಡದಿರಲಿ, ಸಾಮಾನು ಜಾಸ್ತಿ ಇರುವ ಮನೆಗೆ ನಾನಂತೂ ಆರಿಸುವುದಿಲ್ಲ.

ಇನ್ನು ಟ್ರಕ್ಕಿನ ಕಡೆ. ಫಿಫ್ತ್ ವೀಲ್ ತನ್ನ ತೂಕದ ಶೇ. 15ರಿಂದ 25ರಷ್ಟನ್ನು ಟ್ರಕ್ಕಿನ ಬೆಡ್ ಮೇಲೆ ಹೇರುತ್ತದೆ. ಇದೇ ಪಿನ್ ವೇಟ್. 13,000 ಪೌಂಡಿಗೆ ಶೇ. 20 ಅಂದರೆ 2,600. ಹಿಚ್ 150, ನಾಲ್ಕು ಜನ 550. ಒಟ್ಟು 3,300. ಈಗ ಟ್ರಕ್ಕಿನ ಡ್ರೈವರ್ ಬಾಗಿಲು ತೆರೆದು ಚೌಕಟ್ಟಿನ ಮೇಲಿರುವ ಹಳದಿ ಚೀಟಿ ನೋಡಿ. ಜನ ಮತ್ತು ಸಾಮಾನು ಸೇರಿ ಇಷ್ಟು ಮೀರಬಾರದು ಅಂತ ಅಲ್ಲಿದೆ. ಹಾಫ್ ಟನ್ ಅನ್ನುವ ಚಿಕ್ಕ ವರ್ಗದ ಪಿಕಪ್ ಟ್ರಕ್ ಇಲ್ಲಿ ಸೋಲುತ್ತದೆ. ಅದಕ್ಕಿಂತ ದೊಡ್ಡ, ಮುಕ್ಕಾಲು ಟನ್ ವರ್ಗದ ಎಷ್ಟೋ ಡೀಸೆಲ್ ಟ್ರಕ್‌ಗಳೂ ಸೋಲುತ್ತವೆ, ಏಕೆಂದರೆ ಡೀಸೆಲ್ ಎಂಜಿನ್ನೇ ಭಾರ. "ಎಳೆಯುತ್ತದೆ ಸಾರ್, ಆರಾಮಾಗಿ ಎಳೆಯುತ್ತದೆ" ಅಂತ ಯಾರಾದರೂ ಹೇಳಿದರೆ, ಎಳೆಯುವುದು ಬೇರೆ ಹೊರುವುದು ಬೇರೆ ಅನ್ನುವುದು ನೆನಪಿರಲಿ.

ಬೇಸ್‌ಮೆಂಟಿನ ಬಗ್ಗೆ ಕಡಿಮೆ ಜನ ಹೇಳುವ ಒಂದು ವಿಷಯ ಇದೆ. ಅದು ಇರುವುದು ಟ್ರೇಲರ್ ಚಕ್ರಗಳಿಗಿಂತ ತುಂಬಾ ಮುಂದೆ. ಅಲ್ಲಿ ಹಾಕಿದ ತೂಕದ ದೊಡ್ಡ ಪಾಲು ನೇರ ಟ್ರಕ್ ಮೇಲೆ ಬೀಳುತ್ತದೆ. ಬ್ರೋಷರ್‌ನಲ್ಲಿರುವ ಪಿನ್ ವೇಟ್ ಖಾಲಿ ಟ್ರೇಲರ್‌ನದ್ದು. ನಿಮ್ಮದು ಅದಕ್ಕಿಂತ ನೂರಾರು ಪೌಂಡ್ ಜಾಸ್ತಿ ಬರುತ್ತದೆ.

ಲೈಸೆನ್ಸ್ ಕೂಡ ನೋಡಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ 10,000 ಪೌಂಡ್ ದಾಟಿದ ಫಿಫ್ತ್ ವೀಲ್‌ಗೆ ಮಾಮೂಲಿ ಲೈಸೆನ್ಸ್ ಸಾಲದು. 15,000ದವರೆಗೆ ಅದರ ಮೇಲೆ ವಿಶೇಷ ಅನುಮತಿ ಹಾಕಿಸಬೇಕು, ಅದನ್ನೂ ದಾಟಿದರೆ ನಾನ್ ಕಮರ್ಷಿಯಲ್ ಕ್ಲಾಸ್ ಎ ಲೈಸೆನ್ಸ್ ಬೇಕು. ಬೇರೆ ರಾಜ್ಯಗಳ ನಿಯಮ ಬೇರೆ. ಮುಂಗಡ ಕೊಡುವ ಮೊದಲೇ ನಿಮ್ಮ ರಾಜ್ಯದ್ದು ಓದಿ.

ಹೆಜ್ಜೆ 3: ಬಾಗಿಲು ಅಳೆಯಿರಿ, ಗೂಡು ಆಮೇಲೆ

ಬ್ರೋಷರ್‌ನಲ್ಲಿ "ಇಷ್ಟು ಘನ ಅಡಿ ಜಾಗ" ಅಂತ ಬರೆದಿರುತ್ತಾರೆ. ಆ ಅಂಕಿಯಿಂದ ಪ್ರಯೋಜನ ಕಡಿಮೆ. ಬಾಗಿಲಿನ ಎತ್ತರ ಎಷ್ಟು, ಒಳಗಿನ ಆಕಾರ ಹೇಗಿದೆ ಅನ್ನುವುದೇ ಮುಖ್ಯ.

ಎರಡನೇ ಸಲ ಹುಡುಕಲು ಹೋದಾಗ ನಾವು ಹೀಗೆ ಮಾಡಿದೆವು. ನಮ್ಮ ದೊಡ್ಡ ಪ್ಲಾಸ್ಟಿಕ್ ಡಬ್ಬಿಯ ಎದುರು ಮುಖದ ಅಳತೆಗೆ ಒಂದು ರಟ್ಟು ಕತ್ತರಿಸಿಕೊಂಡೆ. ಮಲಗಿಸಿದ ಸೈಕಲ್‌ನ ಆಕಾರಕ್ಕೆ ಇನ್ನೊಂದು. ಡೀಲರ್ ಅಂಗಳದಲ್ಲಿ ಒಂದೊಂದು ಟ್ರೇಲರ್‌ನ ಬಾಗಿಲು ತೆರೆದಾಗಲೂ ಮಗಳು ಟಾರ್ಚ್ ಹಿಡಿದು ಒಳಗೆ ನುಸುಳುತ್ತಿದ್ದಳು. ನಾನು ಹೊರಗಿನಿಂದ ರಟ್ಟು ತೂರಿಸುತ್ತಿದ್ದೆ. "ಅಪ್ಪಾ, ಇಲ್ಲಿ ಕಂಬ ಇದೆ, ತಿರುಗಲ್ಲ" ಅಂತ ಒಳಗಿನಿಂದ ಕೂಗು ಬರುತ್ತಿತ್ತು. ಒಂದು ಮಧ್ಯಾಹ್ನಕ್ಕೆ ಒಂಬತ್ತು ಟ್ರೇಲರ್ ನೋಡಿದೆವು. ರಟ್ಟು ಸಲೀಸಾಗಿ ಹೋಗಿದ್ದು ಎರಡರಲ್ಲಿ ಮಾತ್ರ.

ಒಳಗೆ ಗಮನಿಸಬೇಕಾದ್ದು ಏನು? ಫರ್ನೇಸ್ (ಹೀಟರ್), ಅದರ ಗಾಳಿ ಪೈಪು, ವೈರಿಂಗ್ ಪೆಟ್ಟಿಗೆ, ನೀರಿನ ಪಂಪು ಎಲ್ಲವೂ ಇದೇ ಗೂಡಿನಲ್ಲಿ ಬಂದು ಕೂರುತ್ತವೆ. ಅವನ್ನು ಮುಚ್ಚಲು ಒಂದು ತೆಳು ಗೋಡೆ ಇರುತ್ತದೆ. ಆ ಗೋಡೆ ಎಲ್ಲಿದೆ ಅನ್ನುವುದರ ಮೇಲೆ ನಿಮ್ಮ ಜಾಗ ನಿಂತಿದೆ. ಕೆಲವು ಟ್ರೇಲರ್‌ಗಳ ಚೌಕಟ್ಟನ್ನು ಮುಂಭಾಗದಲ್ಲಿ ಕೆಳಕ್ಕೆ ಇಳಿಸಿ ಕಟ್ಟಿರುತ್ತಾರೆ, ಅದಕ್ಕೆ ಡ್ರಾಪ್ ಫ್ರೇಮ್ ಅನ್ನುತ್ತಾರೆ. ಅಂಥದ್ದರಲ್ಲಿ ಗೂಡು ಆಳವಾಗಿ, ಎತ್ತರವಾಗಿ ಸಿಗುತ್ತದೆ. ಸಾಮಾನು ಜಾಸ್ತಿ ಇದ್ದರೆ ಇದನ್ನೇ ಕೇಳಿ ನೋಡಿ.

ಗೂಡಿನ ನೆಲವನ್ನು ಕೈಯಿಂದ ಒತ್ತಿ. ಬಗ್ಗಿದರೆ ಜನರೇಟರ್ ಇಡಲು ಲಾಯಕ್ಕಿಲ್ಲ. ನೆಲಕ್ಕೆ ಕಾರ್ಪೆಟ್ ಹಾಸಿದ್ದರೆ ಕೆಸರು, ನೀರು ಕುಡಿದು ವಾಸನೆ ಬರುತ್ತದೆ. ಒರೆಸಲು ಬರುವ ನೆಲ ಇರಲಿ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಮೂಲೆಯಲ್ಲಿ ಕಿತ್ತಿದೆಯೇ ನೋಡಿ. ಬಾಗಿಲು ಎತ್ತಿದಾಗ ತಾನೇ ನಿಲ್ಲಬೇಕು. ಒಂದು ಕೈಯಲ್ಲಿ ಬಾಗಿಲು, ಇನ್ನೊಂದು ಕೈಯಲ್ಲಿ ಕೂಲರ್ (ಐಸ್ ಪೆಟ್ಟಿಗೆ) ಹಿಡಿಯುವುದು ಕಷ್ಟ.

ಡೀಲರ್ ಅಂಗಳದಲ್ಲಿ ಸ್ಲೈಡ್ ಔಟ್‌ಗಳನ್ನು (ನಿಲ್ಲಿಸಿದಾಗ ಹೊರಗೆ ಸರಿದು ಕೋಣೆ ದೊಡ್ಡದು ಮಾಡುವ ಗೋಡೆ ಭಾಗ) ಒಮ್ಮೆ ಹೊರಗೆ ತಳ್ಳಿಸಿ, ಒಮ್ಮೆ ಒಳಗೆ ಎಳೆಸಿ ನೋಡಿ. ಎರಡೂ ಸ್ಥಿತಿಯಲ್ಲಿ ಗೂಡಿನ ಬಾಗಿಲು ಪೂರ್ತಿ ತೆರೆಯುತ್ತದೆಯೇ? ಕೆಲವು ಕಡೆ ಸ್ಲೈಡ್ ಹೊರಗೆ ಬಂದರೆ ಅದರ ಕೆಳಗೆ ಬಗ್ಗಿ ಹೋಗಬೇಕು. ರಾತ್ರಿ ಕತ್ತಲಲ್ಲಿ ತಲೆ ಬಡಿಯುವುದು ಗ್ಯಾರಂಟಿ.

ಹೆಜ್ಜೆ 4: ಟಾಯ್ ಹಾಲರ್ ಬೇಕಾ?

ಹಿಂಭಾಗದಲ್ಲಿ ಗ್ಯಾರೇಜ್, ಅದಕ್ಕೆ ಇಳಿಜಾರಾಗಿ ಬೀಳುವ ಬಾಗಿಲು. ಇದು ಟಾಯ್ ಹಾಲರ್. ಮೋಟರ್ ಬೈಕ್, ನಾಲ್ಕು ಚಕ್ರದ ಎಟಿವಿ ಇದ್ದವರಿಗಾಗಿ ಮಾಡಿದ್ದು. ಆದರೆ ನಾಲ್ಕೈದು ಸೈಕಲ್, ಎರಡು ಕಯಾಕ್ ಇರುವ ಮನೆಗೂ ಇದು ಚೆನ್ನಾಗಿ ಹೊಂದುತ್ತದೆ. ಸೈಕಲ್ ಉರುಳಿಸಿಕೊಂಡು ಒಳಗೆ ಹೋಗಬಹುದು. ನೆಲದಲ್ಲಿ ಕಟ್ಟುವ ಕೊಂಡಿಗಳು ಇರುತ್ತವೆ. ನೆಲ ತೊಳೆಯಬಹುದು. 10 ಅಡಿ ಗ್ಯಾರೇಜ್ ಇದ್ದರೆ 10 ಅಡಿ ಕಯಾಕ್ ನೇರ ಹೋಗದಿರಬಹುದು, ಕರ್ಣದಲ್ಲಿ ಅಳೆದು ನೋಡಿ.

ತೊಂದರೆಯೂ ಇದೆ. ಇದು ಭಾರ. ಗ್ಯಾರೇಜ್ ಖಾಲಿ ಇದ್ದಾಗ ಪಿನ್ ವೇಟ್ ಜಾಸ್ತಿ, ಹಿಂದೆ ಭಾರ ಹಾಕಿದಾಗ ಕಡಿಮೆ ಆಗುತ್ತದೆ. ನೀವು ಹಾಕುವುದು ಸೈಕಲ್ ಮಾತ್ರ ಆದರೆ ಪಿನ್ ವೇಟ್ ಜಾಸ್ತಿಯೇ ಉಳಿಯುತ್ತದೆ, ಟ್ರಕ್ ಅದನ್ನು ಹೊರಬೇಕು. ಇನ್ನೊಂದು, ರಾತ್ರಿ ಅದೇ ಗ್ಯಾರೇಜ್‌ನಲ್ಲಿ ಹಾಸಿಗೆ ಇಳಿಸಿ ಮಕ್ಕಳು ಮಲಗುವುದಾದರೆ ಸೈಕಲ್ ಎಲ್ಲಿಗೆ? ಹೊರಗೆ, ಮಳೆಗೆ. ಪೆಟ್ರೋಲ್ ಇರುವ ಗಾಡಿಯನ್ನು ಸಾಗಿಸಿದ ಗ್ಯಾರೇಜ್‌ನಲ್ಲಿ, ವಾಸನೆ ಪೂರ್ತಿ ಹೋಗುವ ತನಕ ಮಕ್ಕಳನ್ನು ಮಲಗಿಸಲೇಬೇಡಿ.

ಮಧ್ಯದ ದಾರಿ ಒಂದಿದೆ. ಒಂದರ ಮೇಲೊಂದಿರುವ ಬಂಕ್ ಹಾಸಿಗೆಗಳ ಪುಟ್ಟ ಕೋಣೆ ಇರುವ ಬಂಕ್‌ಹೌಸ್ ಮಾದರಿಗಳು. ಕೆಳಗಿನ ಬಂಕ್ ಮೇಲಕ್ಕೆ ಮಡಚಿದರೆ ಜಾಗ ಸಿಗುತ್ತದೆ. ಕೆಲವಕ್ಕೆ ಆ ಜಾಗಕ್ಕೇ ಹೊರಗಿನಿಂದ ಬಾಗಿಲು ಇರುತ್ತದೆ. ನಾವು ಕೊನೆಗೆ ಆರಿಸಿದ್ದು ಇಂಥದ್ದನ್ನೇ. ಪ್ರಯಾಣದಲ್ಲಿ ಸೈಕಲ್, ರಾತ್ರಿ ಮಕ್ಕಳು.

ಹೆಜ್ಜೆ 5: ಹೊರಗೆ ಕಟ್ಟುವ ಸಾಮಾನು

ಫಿಫ್ತ್ ವೀಲ್ ಕೊಂಡರೆ ಟ್ರಕ್ಕಿನ ಬೆಡ್ ಹೋಯಿತು ಅಂತಲೇ ಇಟ್ಟುಕೊಳ್ಳಿ. ನಡುವೆ ಹಿಚ್ ಕೂತಿರುತ್ತದೆ, ಮೇಲೆ ಟ್ರೇಲರ್ ಮೂಗು. ಹಿಚ್ ಪಕ್ಕದಲ್ಲಿ ಒಂದೆರಡು ಡಬ್ಬಿ, ಅಷ್ಟೇ. 8 ಅಡಿ ಬೆಡ್ ಇದ್ದರೆ ಕ್ಯಾಬಿನ್ ಹಿಂದೆ ತಗ್ಗಾದ ಒಂದು ಟೂಲ್ ಬಾಕ್ಸ್ ಇಡಬಹುದು. ಗಿಡ್ಡ ಬೆಡ್ ಆದರೆ ಜೋರಾಗಿ ತಿರುಗಿಸಿದಾಗ ಟ್ರೇಲರ್ ಮೂಗು ಕ್ಯಾಬಿನ್ ಗಾಜಿಗೆ ಬಡಿಯುವ ಅಪಾಯ ಇದೆ. ಅದಕ್ಕೆ ಹಿಂದಕ್ಕೆ ಸರಿಯುವ ಸ್ಲೈಡಿಂಗ್ ಹಿಚ್ ಸಿಗುತ್ತದೆ. ಅದು ಇನ್ನೂ ಭಾರ, ಆ ತೂಕವನ್ನೂ ಸೇರಿಸಿ.

ಸೈಕಲ್‌ಗಳನ್ನು ಟ್ರೇಲರ್ ಹಿಂದೆ ಕಟ್ಟುವ ಯೋಚನೆ ಇದ್ದರೆ ಹುಷಾರು. ಟ್ರೇಲರ್‌ನ ಬಾಲ ಕಾರಿನ ಹಿಂಭಾಗಕ್ಕಿಂತ ತುಂಬಾ ಜೋರಾಗಿ ಕುಣಿಯುತ್ತದೆ. ಕಾರಿಗೆ ಮಾಡಿದ ರ್‍ಯಾಕ್ ಅಲ್ಲಿ ಮುರಿದು ಬೀಳಬಹುದು. ಆರ್‌ವಿಗೆ (ಇಂಥ ವಾಸದ ಗಾಡಿಗಳಿಗೆ) ಬಳಸಬಹುದು ಅಂತ ತಯಾರಕರೇ ಬರೆದುಕೊಟ್ಟ ರ್‍ಯಾಕ್ ಮಾತ್ರ ಹಾಕಿ. ಟ್ರೇಲರ್ ಹಿಂದಿರುವ, ರ್‍ಯಾಕ್ ಸಿಕ್ಕಿಸುವ ರಿಸೀವರ್ ಎಷ್ಟು ಪೌಂಡ್ ತಡೆಯುತ್ತದೆ ಅನ್ನುವುದನ್ನು ಕೈಪಿಡಿಯಲ್ಲಿ ಓದಿ. ಬಂಪರ್‌ಗೆ ಅಂತೂ ಕಟ್ಟಲೇಬೇಡಿ, ಎಷ್ಟೋ ಬಂಪರ್‌ಗಳು ತೆಳು ತಗಡಿನ ಕೊಳವೆ ಅಷ್ಟೇ.

ಕಯಾಕ್ ನಿಜವಾಗಿಯೂ ಕಷ್ಟ. ಟ್ರಕ್ಕಿನ ತಲೆ ಮೇಲೆ ಹಾಕಿದರೆ ಹಿಂದಕ್ಕೆ ಚಾಚಿ, ತಿರುವಿನಲ್ಲಿ ಟ್ರೇಲರ್ ಮೂಗಿಗೆ ತಾಗುತ್ತದೆ. ಟ್ರೇಲರ್ ಚಾವಣಿ ಇಂಥ ಭಾರಕ್ಕೆ ಮಾಡಿದ್ದಲ್ಲ, ಎತ್ತರವೂ ಏರುತ್ತದೆ. ಕೆಲವರು ಹಿಂದೆ ನೆಟ್ಟಗೆ ನಿಲ್ಲಿಸುವ ರ್‍ಯಾಕ್ ಬಳಸುತ್ತಾರೆ. ನಮ್ಮ ಮನೆಯಲ್ಲಿ ಗಟ್ಟಿ ಕಯಾಕ್ ಮಾರಿ ಗಾಳಿ ತುಂಬುವ ಕಯಾಕ್ ತಂದೆವು. ಮಡಚಿದರೆ ದೊಡ್ಡ ಸೂಟ್‌ಕೇಸ್ ಅಷ್ಟಾಗುತ್ತದೆ. ಒಳಗಿಡುವ ಮೊದಲು ಪೂರ್ತಿ ಒಣಗಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಶಾಂತವಾದ ಕೆರೆಗೆ ಹೋಗುವ ಕುಟುಂಬಕ್ಕೆ ನಾನು ಇದನ್ನೇ ಹೇಳುವುದು.

ಹೆಜ್ಜೆ 6: ಹೋಗುವ ಜಾಗಕ್ಕೆ ಹಿಡಿಸುತ್ತದೆಯೇ?

ಜಾಗ ಜಾಸ್ತಿ ಬೇಕು ಅಂತ 40 ಅಡಿಯ ಟ್ರೇಲರ್ ಕೊಂಡರೆ, ಹೋಗಬೇಕೆಂದಿದ್ದ ಕಾಡಿಗೇ ಹೋಗಲು ಆಗದಿರಬಹುದು. ನ್ಯಾಷನಲ್ ಪಾರ್ಕ್‌ಗಳ ಎಷ್ಟೋ ಕ್ಯಾಂಪ್‌ಗ್ರೌಂಡ್ ಹಳೆಯವು, ಚಿಕ್ಕ ಗಾಡಿಗಳ ಕಾಲದವು. ಯೊಸೆಮಿಟಿಯ ಅಪ್ಪರ್ ಪೈನ್ಸ್‌ನಲ್ಲಿ ಟ್ರೇಲರ್ 24 ಅಡಿ ಮೀರುವಂತಿಲ್ಲ. ಗ್ಲೇಷಿಯರ್ ಪಾರ್ಕಿನ ಗೋಯಿಂಗ್ ಟು ದ ಸನ್ ರಸ್ತೆಯ ಘಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದದ ಗಾಡಿಗೆ ಪ್ರವೇಶವೇ ಇಲ್ಲ, ಟ್ರೇಲರ್ ಬಿಟ್ಟು ಹೋಗಬೇಕು. ಎತ್ತರವೂ ಅಷ್ಟೇ ಮುಖ್ಯ. ಫಿಫ್ತ್ ವೀಲ್‌ಗಳು 12ರಿಂದ 13.5 ಅಡಿ ಎತ್ತರ ಇರುತ್ತವೆ. ನಿಮ್ಮದರ ಎತ್ತರವನ್ನು ಎಸಿ ಮೇಲಿನವರೆಗೆ ಅಳೆದು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ.

ನಿಮಗೆ ಇಷ್ಟವಾದ ಐದು ಕ್ಯಾಂಪ್‌ಗ್ರೌಂಡ್ ಹೆಸರು ಬರೆದು ಅವುಗಳ ಉದ್ದದ ಮಿತಿ ನೋಡಿ. ಆ ಐದರಲ್ಲಿ ನಾಲ್ಕಕ್ಕೆ ಹಿಡಿಸುವ ಉದ್ದವೇ ನಿಮ್ಮ ಮಿತಿ.

ಹೆಜ್ಜೆ 7: ನೋಡಲು ಹೋಗಿ, ತರುವಾಗ ಪರೀಕ್ಷಿಸಿ

ಒಂದೇ ದಿನ ಬೇಕಾದಷ್ಟು ಮಾದರಿ ನೋಡಬೇಕಾದರೆ ಆರ್‌ವಿ ಶೋಗೆ ಹೋಗಿ. ಪೂರ್ವದವರಿಗೆ ಸೆಪ್ಟೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿ, ದಕ್ಷಿಣದವರಿಗೆ ಜನವರಿಯಲ್ಲಿ ಫ್ಲಾರಿಡಾದ ಟ್ಯಾಂಪಾ. ರಟ್ಟು ಮರೆಯಬೇಡಿ. ಶೋನಲ್ಲಿ ನೋಡಿ, ಮನೆಗೆ ಬಂದು ಒಂದು ವಾರ ಬಿಟ್ಟು ತೀರ್ಮಾನಿಸಿ.

ಹಳೆಯದನ್ನು ಕೊಳ್ಳುವುದಾದರೆ ಗೂಡಿನ ಮೂಲೆಗಳನ್ನು ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ ನೀರು ಇಳಿದಿದೆ ಅಂತಲೇ ಅರ್ಥ. ಟೈರ್ ಪಕ್ಕದಲ್ಲಿ ಡಿಒಟಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದ ಟೈರ್. ಗ್ರಿಪ್ ಚೆನ್ನಾಗಿ ಕಂಡರೂ ಹಳೇ ಟೈರ್ ಬದಲಿಸಲೇಬೇಕು.

ಹೊಸದಾದರೂ ತರುವ ದಿನ ಗೂಡಿನ ಬಾಗಿಲುಗಳ ಮೇಲೆ ಹತ್ತು ನಿಮಿಷ ನೀರಿನ ಪೈಪು ಹಿಡಿಸಿ. ಒಳಗೆ ಟಿಶ್ಯೂ ಹಾಸಿಡಿ. ಒದ್ದೆಯಾದರೆ ಅಲ್ಲೇ ಸರಿ ಮಾಡಿಸಿ, ಆಮೇಲೆ ಸಹಿ ಹಾಕಿ.

ಕೀಲಿಯ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಆರ್‌ವಿ ಗೂಡಿನ ಬಾಗಿಲುಗಳಿಗೆ ಹಾಕುವ ಕೀಲಿ ಎಷ್ಟೋ ಕಡೆ ಒಂದೇ, ಅದರ ಮೇಲೆ ಸಿಎಚ್ 751 ಅಂತ ಕೆತ್ತಿರುತ್ತದೆ. ನಿಮ್ಮ ಕೀಲಿಯಲ್ಲಿ ಆ ಅಕ್ಷರ ಕಂಡರೆ, ಪಕ್ಕದ ಟ್ರೇಲರ್‌ನವರ ಕೀಲಿಯಿಂದಲೂ ನಿಮ್ಮ ಬೇಸ್‌ಮೆಂಟ್ ತೆರೆಯುತ್ತದೆ. ಮೊದಲ ಪ್ರವಾಸಕ್ಕೆ ಮುಂಚೆಯೇ ಬೀಗದ ಸಿಲಿಂಡರ್ ಬದಲಿಸಿ. ಕೆಲಸ ಸಣ್ಣದು, ಖರ್ಚೂ ಕಡಿಮೆ.

ಹೆಜ್ಜೆ 8: ತುಂಬಿ, ತೂಗಿ, ಮತ್ತೆ ಜೋಡಿಸಿ

ಎಲ್ಲಾ ಸಾಮಾನು, ನೀರು, ಜನ ತುಂಬಿಕೊಂಡು ಹೆದ್ದಾರಿಯ ಟ್ರಕ್ ಸ್ಟಾಪ್‌ಗೆ ಹೋಗಿ. ಅಲ್ಲಿ ಗಾಡಿ ತೂಗುವ ಜಾಗಕ್ಕೆ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಇರುತ್ತದೆ. ಟ್ರಕ್ಕಿನ ಮುಂದಿನ ಚಕ್ರ ಒಂದು ಹಲಗೆ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ ನಿಲ್ಲುವ ಹಾಗೆ ಗಾಡಿ ನಿಲ್ಲಿಸಿ. ಮೂರೂ ತೂಕ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರುತ್ತದೆ. ಆಮೇಲೆ ಟ್ರೇಲರ್ ಬಿಚ್ಚಿ, ಟ್ರಕ್ ಮಾತ್ರ ಇನ್ನೊಮ್ಮೆ ತೂಗಿ. ಟ್ರಕ್ಕಿನ ಎರಡು ತೂಕಗಳ ವ್ಯತ್ಯಾಸವೇ ನಿಮ್ಮ ನಿಜವಾದ ಪಿನ್ ವೇಟ್.

ನಮ್ಮ ಟ್ರಕ್ ಮೇಲಿನ ಭಾರ ಮೊದಲ ಸಲ ಮಿತಿಯನ್ನು 180 ಪೌಂಡ್ ಮೀರಿತ್ತು. ಟೂಲ್ ಡಬ್ಬಿ ಮತ್ತು ಭಾರದ ಇತರ ಡಬ್ಬಿಗಳನ್ನು ಬೇಸ್‌ಮೆಂಟಿನಿಂದ ಹಿಂದಿನ ಬಂಕ್ ಕೋಣೆಗೆ ಸಾಗಿಸಿದೆವು. ಹೋಗುವ ಕ್ಯಾಂಪ್‌ಗ್ರೌಂಡ್‌ನಲ್ಲಿ ನೀರಿನ ನಲ್ಲಿ ಇದ್ದರೆ ಟ್ಯಾಂಕನ್ನು ಕಾಲು ಭಾಗ ಮಾತ್ರ ತುಂಬಿಸಲು ಶುರು ಮಾಡಿದೆವು. ಎರಡನೇ ಸಲ ತೂಗಿದಾಗ ಸರಿಹೋಯಿತು. ಆ ದಿನದ ಅಂಕಿಗಳನ್ನೂ, ಯಾವ ಡಬ್ಬಿ ಎಲ್ಲಿ ಕೂರಬೇಕು ಅನ್ನುವುದನ್ನೂ ಕಾಗದದ ಟೇಪ್ ಮೇಲೆ ಬರೆದು ಬೇಸ್‌ಮೆಂಟ್ ಬಾಗಿಲಿನ ಒಳಗೆ ಅಂಟಿಸಿದ್ದೇವೆ. ಈಗ ಸಾಮಾನು ತುಂಬುವ ಕೆಲಸ ಮಗಳದ್ದು.